‘ಆದ್ರೆ’ ಅನ್ನೋಕೆ ಮುಂಚೆ: ಕಾವೇರಿಯ ಮೇಲಿನವರು, ಕೆಳಗಿನವರು

 

ನಾನು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನವಳು. ಎಂ.ಟೆಕ್ ಮುಗಿಸಿ 2012ರಲ್ಲಿ ಕೆಲಸಕ್ಕೆ ಅಂತ ಚೆನ್ನೈಗೆ ಬಂದೆ. ಎರಡು ವರ್ಷ ಇದ್ದು ಬೆಂಗಳೂರಿಗೆ ಟ್ರಾನ್ಸ್‌ಫರ್ ತಗೊಳ್ಳೋಣ ಅಂದ್ಕೊಂಡಿದ್ದೆ. ನಿಮ್ಮಲ್ಲಿ ಎಷ್ಟು ಜನ ಹಾಗೇ ಅಂದ್ಕೊಂಡು ಬಂದ್ರಿ ಅಂತ ಕೈ ಎತ್ತಿಸೋದಿಲ್ಲ, ಹೆದರಬೇಡಿ. (ನಗು)

ಮಂಡ್ಯದವಳು ಚೆನ್ನೈಯಲ್ಲಿದ್ದಾಳೆ ಅಂದ್ರೆ ಎರಡೂ ಕಡೆ ಜನ ಕೇಳೋ ಮೊದಲ ಪ್ರಶ್ನೆ ನಿಮಗೆ ಗೊತ್ತೇ ಇರತ್ತೆ. ಊರಲ್ಲಿ ಕೇಳ್ತಾರೆ, "ಅಲ್ಲಿ ನಿಮ್ಗೆ ತೊಂದ್ರೆ ಏನೂ ಕೊಡಲ್ವಾ?" ಇಲ್ಲಿ ಕೇಳ್ತಾರೆ, "ನೀರು ಯಾವಾಗ ಬಿಡ್ತೀರಾ?" ಇಬ್ಬರೂ ನಗ್ತಾ ಕೇಳ್ತಾರೆ. ಆ ನಗು ಹಿಂದೆ ಏನಿದೆ ಅನ್ನೋದೇ ಇವತ್ತಿನ ವಿಷಯ.

ಯಾರಿಗೆ ಎಷ್ಟು ಟಿಎಂಸಿ ಸೇರಬೇಕು ಅಂತ ತೀರ್ಪು ಕೊಡೋಕೆ ನಾನು ಬಂದಿಲ್ಲ. ಅದಕ್ಕೆ ಕೋರ್ಟ್ ಇದೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜಗಳ ಆಡ್ಕೊಂಡು ಬಂದಿರೋ ಎರಡು ಕಡೆಯವರು ಒಬ್ಬರ ಮಾತನ್ನ ಒಬ್ಬರು ಕೇಳಿಸ್ಕೊಳ್ಳೋದು ಅಂದ್ರೆ ಏನು, ಅದು ಯಾಕೆ ಅಷ್ಟು ಕಷ್ಟ, ಅದರಿಂದ ಏನು ಆಗತ್ತೆ, ಏನು ಆಗಲ್ಲ. ಇಷ್ಟು ಹೇಳ್ತೀನಿ. ಮೊದಲು ನಾನೇ ಕೇಳಿಸ್ಕೊಳ್ಳದೇ ಹೋದ ಒಂದು ದಿನದಿಂದ ಶುರು ಮಾಡ್ತೀನಿ.

ಸೆಪ್ಟೆಂಬರ್ 2016. 5ನೇ ತಾರೀಖು ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್‌ನಂತೆ 10 ದಿನ ನೀರು ಬಿಡಿ ಅಂತ ಕರ್ನಾಟಕಕ್ಕೆ ಹೇಳಿತು. 12ನೇ ತಾರೀಖು, ಸೋಮವಾರ, ಅದನ್ನ 12,000ಕ್ಕೆ ಇಳಿಸಿ 20ರವರೆಗೆ ಬಿಡಿ ಅಂತು. ಅವತ್ತು ಬೆಳಗಿನ ಜಾವ ಚೆನ್ನೈಯಲ್ಲಿ ಕನ್ನಡಿಗರ ಒಂದು ಹೋಟೆಲ್ ಮೇಲೆ ಪೆಟ್ರೋಲ್ ಬಾಂಬ್ ಬಿದ್ದಿತ್ತು. ಮಧ್ಯಾಹ್ನದಿಂದ ಬೆಂಗಳೂರಲ್ಲಿ ತಮಿಳುನಾಡು ನಂಬರ್ ಪ್ಲೇಟಿನ ಬಸ್ಸು, ಲಾರಿಗಳಿಗೆ ಬೆಂಕಿ ಬಿತ್ತು. ಸಾಲಾಗಿ ನಿಂತಿದ್ದ ಬಸ್ಸುಗಳು ಉರಿಯೋ ಆ ದೃಶ್ಯ ನಿಮಗೆ ನೆನಪಿರಬಹುದು.

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಟಿವಿ ಮುಂದೆ ಎಲ್ಲರೂ ನಿಂತಿದ್ವಿ. ಆ ವಾರ ಪೂರ್ತಿ ನಾನು ಲಿಫ್ಟಿನಲ್ಲಿ ಅಮ್ಮನ ಫೋನ್ ಎತ್ತಿರಲಿಲ್ಲ. ಎತ್ತಿದ್ರೂ "ಆಮೇಲೆ ಮಾಡ್ತೀನಿ" ಅಂತ ಇಂಗ್ಲಿಷಲ್ಲಿ ಹೇಳಿ ಇಡ್ತಿದ್ದೆ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಸೀನಿಯರ್ ಇದ್ರು, ನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವರು. ನಾನು ಅಕ್ಕಾ ಅಂತಾನೇ ಕರೀತಿದ್ದೆ. ಅವರು ಕಾಫಿ ಕಪ್ ಕೆಳಗಿಟ್ಟು ಮೆಲ್ಲಗೆ ಹೇಳಿದ್ರು: "ನನಗೆ ಕನ್ನಡ ಬರುತ್ತೆ."

ಕನ್ನಡದಲ್ಲೇ ಹೇಳಿದ್ರು. ಬೆಂಗಳೂರಿನ ಕನ್ನಡ. ಒಂದು ಅಕ್ಷರ ತಪ್ಪಿಲ್ಲ.

ನಾಲ್ಕು ವರ್ಷ ನಾನು ಪಕ್ಕದಲ್ಲಿ ಕೂತು ಅಮ್ಮನ ಹತ್ರ ಮಾತಾಡಿದ್ದು, ಮ್ಯಾನೇಜರನ್ನ ಬೈದಿದ್ದು, ಎಲ್ಲಾ ಅವರಿಗೆ ಅರ್ಥ ಆಗ್ತಿತ್ತು. ಅವರು ಹುಟ್ಟಿದ್ದು ಬೆಂಗಳೂರಲ್ಲಿ. ಡಿಸೆಂಬರ್ 1991ರಲ್ಲಿ ಅವರಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಕನ್ನಡ ಮೀಡಿಯಂ. ಟ್ರಿಬ್ಯುನಲ್ಲಿನ ಮಧ್ಯಂತರ ಆದೇಶದ ಮೇಲೆ ಆ ತಿಂಗಳು ಬೆಂಗಳೂರಲ್ಲಿ ಗಲಭೆ ಆಯ್ತು. ಜನ ಸತ್ತರು, ಅಂಗಡಿ ಮನೆಗಳು ಸುಟ್ಟುಹೋದ್ವು, ಸಾವಿರಾರು ತಮಿಳರು ಊರು ಬಿಟ್ರು. ಅದರಲ್ಲಿ ಈ ಅಕ್ಕನ ಮನೆಯವರೂ ಇದ್ರು. ಒಂದು ರಾತ್ರಿ ಎರಡು ಬ್ಯಾಗ್ ಹಿಡ್ಕೊಂಡು ಹೊರಟವರು ಮತ್ತೆ ವಾಪಸ್ ಹೋಗಲಿಲ್ಲ.

ಇಷ್ಟು ಹೇಳಿ ಉಸಿರು ತಗೊಂಡ್ರು. ಆ ಗ್ಯಾಪಲ್ಲಿ ನಾನೇನು ಹೇಳಿದೆ ಗೊತ್ತಾ? "ಆದ್ರೆ ಅಕ್ಕಾ, ಇವತ್ತು ಬೆಳಿಗ್ಗೆ ಇಲ್ಲೂ ನಮ್ಮ ಹೋಟೆಲ್ ಮೇಲೆ..."

ನಾನು ಹೇಳಿದ್ದು ಸುಳ್ಳಲ್ಲ. ಅದು ನಡೆದಿತ್ತು. ಅವರು ಒಂದು ಸಲ ತಲೆ ಆಡಿಸಿದ್ರು, ಕಪ್ ತೊಳೆದಿಟ್ಟು ಸೀಟಿಗೆ ಹೋದ್ರು. ಆಮೇಲೆ ಎರಡು ವರ್ಷ ನನ್ನ ಹತ್ರ ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲ. ಸ್ಟ್ಯಾಂಡ್‌ಅಪ್, ಕೋಡ್ ರಿವ್ಯೂ ಎಲ್ಲ ಮಾಮೂಲಿನಂತೆ ನಡೀತು. ಏನೋ ಒಂದು ಮುಚ್ಚಿಹೋಯ್ತು, ಅಷ್ಟೆ.

ನಾನು ಎಂ.ಟೆಕ್‌ನಲ್ಲಿ ಓದಿದ್ದು ನೆಟ್‌ವರ್ಕಿಂಗ್. ಇಲ್ಲಿರೋ ಅರ್ಧ ಜನಕ್ಕೆ ಟಿಸಿಪಿ ಗೊತ್ತು. ಒಂದು ಕಡೆಯಿಂದ ಪ್ಯಾಕೆಟ್ ಹೋದ್ರೆ ಇನ್ನೊಂದು ಕಡೆಯಿಂದ ಅಕ್ನಾಲೆಜ್‌ಮೆಂಟ್ ಬರಬೇಕು. ಬರಲಿಲ್ಲ ಅಂದ್ರೆ ಕಳಿಸಿದವನು ಅದೇ ಪ್ಯಾಕೆಟನ್ನ ಮತ್ತೆ ಮತ್ತೆ ಕಳಿಸ್ತಾನೆ, ಕೊನೆಗೆ ಕನೆಕ್ಷನ್ ಬಿಟ್ಟುಬಿಡ್ತಾನೆ. ಈ ಅಕ್ನಾಲೆಜ್‌ಮೆಂಟ್ ಅಂದ್ರೆ ‘ನೀನು ಹೇಳಿದ್ದು ಸರಿ’ ಅಂತ ಅರ್ಥ ಅಲ್ಲ. ‘ನೀನು ಕಳಿಸಿದ್ದು ತಲುಪಿತು’ ಅಂತ ಅಷ್ಟೆ. ನಾವು ಇವೆರಡನ್ನೂ ಒಂದೇ ಅಂದ್ಕೊಂಡಿದ್ದೀವಿ. ತಲುಪಿತು ಅಂದ್ರೆ ಎಲ್ಲಿ ಒಪ್ಕೊಂಡ ಹಾಗಾಗತ್ತೋ ಅನ್ನೋ ಭಯಕ್ಕೆ, ತಲುಪೋದಕ್ಕೆ ಮುಂಚೆನೇ ‘ಆದ್ರೆ’ ಅಂತೀವಿ.

ಕಾವೇರಿ ವಿಷಯದಲ್ಲಿ ಎರಡೂ ಕಡೆಯಿಂದ ಎಷ್ಟು ಪ್ಯಾಕೆಟ್ ಹೀಗೆ ತಲುಪದೇ ಸುತ್ತುತ್ತಾ ಇವೆ ನೋಡಿ.

ನಮ್ಮ ಕಡೆಯಿಂದ ಹೋಗೋದು ಇದು. 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು. ಎರಡರಲ್ಲೂ ಒಂದು ಕಡೆ ಬ್ರಿಟಿಷರೇ ನೇರವಾಗಿ ಆಳ್ತಿದ್ದ ಮದ್ರಾಸು, ಇನ್ನೊಂದು ಕಡೆ ಅವರ ಕೈಕೆಳಗಿನ ಮೈಸೂರು ಸಂಸ್ಥಾನ. ಸಮಾನರು ಮಾಡ್ಕೊಂಡ ಒಪ್ಪಂದ ಅಲ್ಲ ಅದು. ಮಳೆ ಬೀಳೋದು ನಮ್ಮ ಕೊಡಗಲ್ಲಿ, ನಮ್ಮ ಊರ ಮುಂದೆ ಹರಿಯೋ ನದಿಯಲ್ಲಿ ಒಂದು ಅಣೆಕಟ್ಟು ಕಟ್ಟೋಕೆ ಕೆಳಗಿನವರ ಅಪ್ಪಣೆ ಬೇಕಿತ್ತು. ನೀರಾವರಿಗೆ ನಾವು ತಡವಾಗಿ ಬಂದ್ವಿ, ಬರೋಕೆ ಬಿಡಲಿಲ್ಲ ಅದಕ್ಕೆ.

ಅವರ ಕಡೆಯಿಂದ ಬರೋದು ಇದು. ಕರಿಕಾಲ ಚೋಳನ ಕಲ್ಲಣೈ ಕಾಲದಿಂದ ಆ ನೀರಲ್ಲಿ ಭತ್ತ ಬೆಳೀತಾ ಇದ್ದೀವಿ. ಮೆಟ್ಟೂರು ಅಣೆಕಟ್ಟು ಬಂದಿದ್ದು 1934ರಲ್ಲಿ, ಡೆಲ್ಟಾದ ಗದ್ದೆ ಅದಕ್ಕೂ ಎಷ್ಟೋ ಶತಮಾನ ಹಳೇದು. 1974ಕ್ಕೆ ಒಪ್ಪಂದದ 50 ವರ್ಷ ಮುಗೀತು ಅಂತ ನೀವು ಹೇಳಿದ್ರಿ. ನಮ್ಮನ್ನ ಕೇಳದೇ ಹಾರಂಗಿ, ಕಬಿನಿ, ಹೇಮಾವತಿ ಕಟ್ಟಿದ್ರಿ. ಮೇಲೆ ಕೂತವರ ಕೈಯಲ್ಲಿ ಗೇಟಿದೆ, ಕೆಳಗಿದ್ದವರ ಕೈಯಲ್ಲಿ ಅರ್ಜಿ ಬಿಟ್ಟು ಏನಿದೆ?

ಈಗ ಗಮನಿಸಿ. ನಾನು ಎರಡನೇದನ್ನ ಹೇಳುವಾಗ ನಿಮ್ಮಲ್ಲಿ ಕೆಲವರಿಗೆ ಮನಸ್ಸಲ್ಲೇ ‘ಆದ್ರೆ’ ಬಂದಿರತ್ತೆ. ನನಗೂ ಬರತ್ತೆ. ಬರೋದು ತಪ್ಪಲ್ಲ. ಒಂದು ನಿಮಿಷ ತಡ್ಕೊಳ್ಳೋಕೆ ಆಗತ್ತಾ ಅನ್ನೋದಷ್ಟೇ ಪ್ರಶ್ನೆ.

ಹಾಗೆ ತಡ್ಕೊಂಡು ಕೂತ ಜನ ಇದ್ರು. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ಮಂಡ್ಯದವಳಾದ ನನಗೇ ಗೊತ್ತಿರಲಿಲ್ಲ.

2002 ನೆನಪಿದೆಯಾ? ಮುಂಗಾರು ಕೈಕೊಟ್ಟ ವರ್ಷ. ಸೆಪ್ಟೆಂಬರಲ್ಲಿ ನಮ್ಮ ಕಡೆ ಒಬ್ಬ ರೈತ ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ರು. ಅಕ್ಟೋಬರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿಂದ ಮಂಡ್ಯಕ್ಕೆ ಪಾದಯಾತ್ರೆ ಬಂದ್ರು. ಅದೇ ತಿಂಗಳು ತಮಿಳು ಸಿನಿಮಾದವರು ನೈವೇಲಿಯಲ್ಲಿ ಪ್ರತಿಭಟನೆ ಮಾಡಿದ್ರು, ಕರ್ನಾಟಕಕ್ಕೆ ವಿದ್ಯುತ್ ಕೊಡಬೇಡಿ ಅಂತ. ನಾನಾಗ ಹೈಸ್ಕೂಲು. ಸ್ಕೂಲಿಗೆ ರಜಾ ಸಿಕ್ಕಿದ್ದೇ ಖುಷಿ.

ಅದಾಗಿ ಆರು ತಿಂಗಳಿಗೆ, ಏಪ್ರಿಲ್ 2003ರಲ್ಲಿ, ಚೆನ್ನೈಯಲ್ಲಿ ಎರಡೂ ರಾಜ್ಯದ ರೈತರು ಒಂದು ಕೋಣೆಯಲ್ಲಿ ಕೂತ್ರು. ಸೇರಿಸಿದ್ದು ಅಡ್ಯಾರ್‌ನಲ್ಲಿರೋ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್. ಮುಂದೆ ನಿಂತವರು ಅಲ್ಲಿನ ಪ್ರೊಫೆಸರ್ ಎಸ್. ಜನಕರಾಜನ್. ಕೇಂದ್ರದಲ್ಲಿ ಜಲಸಂಪನ್ಮೂಲ ಕಾರ್ಯದರ್ಶಿ ಆಗಿದ್ದ ರಾಮಸ್ವಾಮಿ ಅಯ್ಯರ್ ಕೂಡ ಈ ಪ್ರಯತ್ನದ ಜೊತೆಗಿದ್ರು. ನಮ್ಮ ಕಡೆಯಿಂದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು, ಅವರ ಕಡೆಯಿಂದ ಮನ್ನಾರ್‌ಗುಡಿಯ ರಂಗನಾಥನ್. ಈ ರಂಗನಾಥನ್ ಡೆಲ್ಟಾ ರೈತರ ಮುಖಂಡರು, ಕಾವೇರಿ ಕೇಸನ್ನ ಕೋರ್ಟಿಗೆ ತಗೊಂಡು ಹೋದವರಲ್ಲಿ ಒಬ್ಬರು. ಕೋರ್ಟಲ್ಲಿ ಎದುರಾಳಿ, ಇಲ್ಲಿ ಪಕ್ಕದ ಕುರ್ಚಿ. ಈ ಗುಂಪಿಗೆ ಅವರೇ ಇಟ್ಕೊಂಡ ಹೆಸರು ‘ಕಾವೇರಿ ಕುಟುಂಬ’.

ಕುಟುಂಬ ಅನ್ನೋ ಪದ ನೋಡಿ. ಸ್ನೇಹಿತರು ಅಂತ ಇಟ್ಕೊಳ್ಳಲಿಲ್ಲ. ಸ್ನೇಹ ಬೇಡ ಅಂದ್ರೆ ಬಿಡಬಹುದು. ಕುಟುಂಬದಲ್ಲಿ ಆಸ್ತಿ ಜಗಳ ಇದ್ರೂ ತಿಥಿಗೆ, ಮದುವೆಗೆ ಒಂದೇ ಸೂರಿನ ಕೆಳಗೆ ಕೂರಬೇಕು. ನದಿ ಹಂಚ್ಕೊಂಡವರ ಸಂಬಂಧ ಅಂಥದ್ದೇ.

ಅವರು ಮಾಡಿದ ದೊಡ್ಡ ಕೆಲಸ, ಒಬ್ಬರ ಊರಿಗೆ ಒಬ್ಬರು ಹೋಗಿದ್ದು. ಅಲ್ಲಿನ ರೈತರು ಇಲ್ಲಿಗೆ ಬಂದು ನಮ್ಮ ಅಣೆಕಟ್ಟು, ನಾಲೆ, ಜಮೀನು ನೋಡಿದ್ರು. ನಮ್ಮವರು ಡೆಲ್ಟಾಗೆ ಹೋಗಿ ಒಣಗಿದ ಗದ್ದೆ ನೋಡಿದ್ರು. ‘ಅವರು ಡ್ಯಾಂ ತುಂಬಾ ನೀರು ಬಚ್ಚಿಟ್ಕೊಂಡಿದ್ದಾರೆ’ ಅಂತ ಅಲ್ಲಿ ನಂಬಿಕೆ. ‘ಅವರು ನಮ್ಮ ನೀರಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೀತಾರೆ’ ಅಂತ ಇಲ್ಲಿ ನಂಬಿಕೆ. ಬರದ ವರ್ಷ ಕಣ್ಣಾರೆ ಕಂಡ ಮೇಲೆ ಆ ಎರಡು ಮಾತನ್ನ ಮೊದಲಿನ ಹಾಗೆ ಹೇಳೋದು ಕಷ್ಟ.

ಮಧ್ಯೆ ಒಂದು ಲೆಕ್ಕ ಹೇಳ್ಬಿಡ್ತೀನಿ, ಇದು ಗೊತ್ತಿಲ್ಲದೇ ನಾವೆಲ್ಲ ವಾಟ್ಸ್ಆ್ಯಪಲ್ಲಿ ಕಿರುಚ್ತೀವಿ. ದಿನಪೂರ್ತಿ 11,574 ಕ್ಯೂಸೆಕ್ ಹರಿದ್ರೆ ಒಂದು ಟಿಎಂಸಿ. ಅಂದ್ರೆ 2016ರ ಮೊದಲ ಆದೇಶ, 15,000 ಕ್ಯೂಸೆಕ್ 10 ದಿನ, ಸುಮಾರು 13 ಟಿಎಂಸಿ. 2007ರಲ್ಲಿ ಟ್ರಿಬ್ಯುನಲ್ ಅಂತಿಮ ತೀರ್ಪು ಕೊಟ್ಟಾಗ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 192 ಟಿಎಂಸಿ ಬಿಡಬೇಕು ಅಂತು. ಫೆಬ್ರವರಿ 16, 2018ರಂದು ಸುಪ್ರೀಂ ಕೋರ್ಟು ಅದನ್ನ 177.25ಕ್ಕೆ ಇಳಿಸಿತು. ಮಳೆ ಚೆನ್ನಾಗಿರೋ ವರ್ಷ ಇದಕ್ಕಿಂತ ಜಾಸ್ತಿನೇ ತಾನಾಗಿ ಹರಿದುಹೋಗತ್ತೆ, ಯಾರೂ ಜಗಳ ಆಡಲ್ಲ. ಜಗಳ ಬರೋದು ಬರದ ವರ್ಷ ಮಾತ್ರ. ಇಲ್ಲದೇ ಇರೋದನ್ನ ಹೇಗೆ ಹಂಚ್ಕೊಳ್ಳೋದು ಅನ್ನೋದೇ ನಿಜವಾದ ಪ್ರಶ್ನೆ. ಸಂಕಷ್ಟ ಸೂತ್ರ ಅಂತ ಪೇಪರಲ್ಲಿ ಓದ್ತೀರಲ್ಲ, ಅದು.

ಕಾವೇರಿ ಕುಟುಂಬ ಹಲವು ವರ್ಷ, ಹಲವು ಸಲ ಸೇರಿ ಈ ಪ್ರಶ್ನೆ ಮೇಲೆ ಕೂತಿತ್ತು. ಬಿಡಿಸಿದ್ರಾ? ಇಲ್ಲ. ಎರಡೂ ಕಡೆ ಒಪ್ಪೋ ಸೂತ್ರ ಬರಲಿಲ್ಲ. ಸಭೆಗಳು ಕಮ್ಮಿ ಆಗ್ತಾ ಬಂದು ನಿಂತುಹೋದ್ವು. 2005ರಿಂದ ಕೆಲವು ವರ್ಷ ಮಳೆ ಚೆನ್ನಾಗಿ ಬಂತು, ಶಾಂತಿ ಇತ್ತು. ಅದರ ಕ್ರೆಡಿಟ್ ಮಳೆಗೆ ಕೊಡಬೇಕೇ ಹೊರತು ಪೂರ್ತಿ ಇವರಿಗೆ ಕೊಡೋಕಾಗಲ್ಲ. 2016ರಲ್ಲಿ ಬಸ್ಸು ಉರಿಯೋದನ್ನ ಈ ಕುಟುಂಬ ತಡೆಯೋಕೆ ಆಗಲಿಲ್ಲ. ಪುಟ್ಟಣ್ಣಯ್ಯನವರು ಸುಪ್ರೀಂ ಕೋರ್ಟ್ ತೀರ್ಪು ಬಂದ ಎರಡೇ ದಿನಕ್ಕೆ, ಫೆಬ್ರವರಿ 18ಕ್ಕೆ ತೀರಿಕೊಂಡ್ರು.

ಹಾಗಾದ್ರೆ ಕೂತು ಮಾತಾಡಿ ಬಂದಿದ್ದೇನು? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಪುಸ್ತಕದಿಂದ ಅಲ್ಲ, ನಮ್ಮಪ್ಪನಿಂದ.

ಚೆನ್ನೈಯಲ್ಲಿ ನಾನಿರೋ ಮನೆಯ ಕೆಳಗಡೆ ಓನರ್ ಇದ್ದಾರೆ. ಅವರ ತಂದೆಗೆ ಎಂಬತ್ತು ಹತ್ತಿರ. ಮನ್ನಾರ್‌ಗುಡಿ ಕಡೆಯ ಹಳ್ಳಿಯವರು, ಅರ್ಧ ವೇಲಿ ಜಮೀನು, ಅಂದ್ರೆ ಮೂರು ಎಕರೆ ಚಿಲ್ಲರೆ. ನಾನು ತಾತಾ ಅಂತೀನಿ. 2016ರ ಆ ವಾರ ಮೆಟ್ಟಿಲ ಹತ್ರ ನಿಲ್ಲಿಸಿ ಕೇಳಿದ್ರು, "ಅಮ್ಮಾ, ಉಂಗ ಊರ್ಲ ಮಳೈ ಪೆಂಜುದಾ?" ನಿಮ್ಮೂರಲ್ಲಿ ಮಳೆ ಆಯ್ತಾ ಅಂತ. ನನಗೆ ಅದು ಚುಚ್ಚು ಮಾತಿನ ಹಾಗೆ ಕೇಳಿಸ್ತು. ‘ಮಳೆ ಆಗಿದ್ರೂ ನೀರು ಬಿಡ್ತಿಲ್ಲ ಅಲ್ವಾ’ ಅಂದ ಹಾಗೆ. "ಇಲ್ಲ ತಾತಾ" ಅಂತ ಗಟ್ಟಿಯಾಗಿ ಹೇಳಿ ಮೇಲೆ ಹೋದೆ.

2017ರ ಜೂನಲ್ಲಿ ನಮ್ಮಪ್ಪ ಚೆನ್ನೈಗೆ ಬಂದ್ರು, ಕಣ್ಣಿನ ಆಪರೇಷನ್‌ಗೆ. ಆ ವರ್ಷ ಪರಿಸ್ಥಿತಿ ಹೇಗಿತ್ತು ಅಂದ್ರೆ, ಹಿಂದಿನ ವರ್ಷದ ಹಿಂಗಾರು ತಮಿಳುನಾಡಲ್ಲಿ ಪೂರ್ತಿ ಕೈಕೊಟ್ಟಿತ್ತು. ಜೂನ್ 12ಕ್ಕೆ ಮೆಟ್ಟೂರು ಗೇಟ್ ತೆಗೆಯೋದು ಅವರಿಗೆ ಒಂಥರಾ ಹಬ್ಬ. ಆ ವರ್ಷ ತೆಗೀಲಿಲ್ಲ. ಇತ್ತ ಕನ್ನಂಬಾಡಿಯೂ ತಳ ಕಂಡಿತ್ತು.

ಬೆಳಿಗ್ಗೆ ಅಪ್ಪ ಕೆಳಗೆ ವರಾಂಡದಲ್ಲಿ ಕೂತಿದ್ರು. ತಾತಾ ತಮಿಳು ಪೇಪರಲ್ಲಿ ಒಂದು ಸಣ್ಣ ಬಾಕ್ಸ್ ತೋರಿಸಿ ಏನೋ ಹೇಳ್ತಿದ್ರು. ಮೆಟ್ಟೂರಿನ ನೀರಿನ ಮಟ್ಟ. ಅಪ್ಪನಿಗೆ ತಮಿಳು ಬರಲ್ಲ, ಆದ್ರೂ ಅದೇನು ಅಂತ ತಕ್ಷಣ ಗೊತ್ತಾಯ್ತು. ನಮ್ಮ ಮನೇಲೂ ಪೇಪರ್ ಬಂದ ತಕ್ಷಣ ಮೊದಲು ನೋಡೋದು ಅದನ್ನೇ. ನಮ್ಮಪ್ಪನಿಗೆ 124.80 ಅಡಿ ಅನ್ನೋದು ಮಂತ್ರ ಇದ್ದ ಹಾಗೆ, ಕೆಆರ್‌ಎಸ್ ತುಂಬಿದ ಮಟ್ಟ. ತಾತಾಗೆ 120 ಅಡಿ, ಮೆಟ್ಟೂರು ತುಂಬಿದ ಮಟ್ಟ. ಇಬ್ಬರೂ ಜೀವನಪೂರ್ತಿ ಬೆಳಿಗ್ಗೆ ಎದ್ದು ಒಂದು ನಂಬರ್ ನೋಡಿದವರು.

ನನ್ನನ್ನ ಕರೆದ್ರು, ಟ್ರಾನ್ಸ್‌ಲೇಟ್ ಮಾಡು ಅಂತ. ಆಫೀಸಿಗೆ ಲೇಟಾಗ್ತಿತ್ತು. ಹತ್ತು ನಿಮಿಷ ಅಂತ ಕೂತವಳು ಅವತ್ತು ಅರ್ಧ ದಿನ ರಜಾ ಹಾಕಿದೆ.

ಶುರು ಚೆನ್ನಾಗಿರಲಿಲ್ಲ. ತಾತಾ ಕೇಳಿದ್ರು, "ನಿಮ್ಮ ಡ್ಯಾಂ ತುಂಬಿದ್ರೂ ನಮಗೆ ಯಾಕೆ ಬಿಡಲ್ಲ?" ಇದನ್ನ ನಮ್ಮಪ್ಪನಿಗೆ ಹೇಳ್ಬೇಕು. ಸ್ವಲ್ಪ ಮೆತ್ತಗೆ ಮಾಡೋಣ ಅಂದ್ಕೊಂಡೆ, ಆದ್ರೆ ತಾತಾ ನನ್ನ ಮುಖಾನೇ ನೋಡ್ತಿದ್ರು. ಇದ್ದದ್ದನ್ನ ಇದ್ದ ಹಾಗೇ ಹೇಳಿದೆ. ಅಪ್ಪನ ಮುಖ ಕೆಂಪಾಯ್ತು. "ತುಂಬಿದ್ ಮೇಲೆ ಹಿಡ್ಕಳಕೆ ಜಾಗ ಎಲ್ಲದೆ ಕಣವ್ವ? ತುಂಬಿದ್ರೆ ಅದೇ ಹೋಯ್ತದೆ. ಬರದಲ್ಲಿ ಕೇಳ್ತಾರಲ್ಲ, ನಮ್ ಬಾಯಿಗೆ ಮಣ್ಣು ಹಾಕ್ಕಬೇಕಾ ಅಂತ ಕೇಳು." ಅದನ್ನೂ ಇದ್ದ ಹಾಗೇ ತಮಿಳಲ್ಲಿ ಹೇಳಿದೆ.

ತಾತಾ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು: "ತುಂಬಿ ಹರಿಯೋ ನೀರು ನನಗೆ ಯಾಕೆ? ಅಕ್ಟೋಬರಲ್ಲಿ ನನ್ನ ಗದ್ದೆ ಮೇಲೇ ಮಳೆ ಬೀಳತ್ತೆ. ನನಗೆ ಬೇಕಾಗಿರೋದು ಜೂನಲ್ಲಿ, ಜುಲೈಲಿ, ಕುರುವೈಗೆ. ಆ ಟೈಮಲ್ಲಿ ನನ್ನ ಆಕಾಶದಲ್ಲಿ ಏನೂ ಇಲ್ಲ."

ಅಪ್ಪನಿಗೆ ಇದು ಗೊತ್ತಿರಲಿಲ್ಲ. ನಮಗೆ ಮುಂಗಾರು, ಅವರಿಗೆ ಹಿಂಗಾರು. ಕುರುವೈ ಅನ್ನೋ ಬೆಳೆ ಜೂನಿಂದ ಸೆಪ್ಟೆಂಬರ್. ಆಗಸ್ಟ್ ಹೊತ್ತಿಗೆ ಸಾಂಬಾ ಹಾಕ್ತಾರೆ, ಅದು ಜನವರಿವರೆಗೆ. ನಮ್ಮ ಡ್ಯಾಂ ತುಂಬಬೇಕಾದ ತಿಂಗಳಲ್ಲೇ ಅವರಿಗೆ ನೀರು ಬೇಕು. ನೂರು ವರ್ಷದ ಜಗಳದ ಒಂದು ಗಂಟು ಇಲ್ಲೇ ಇದೆ.

ಅಪ್ಪ ಕೇಳಿದ್ರು, "ಅವ್ರ ಗದ್ದೆ ನಾಲೇಲಿ ಮೊದ್ಲಾ, ಕೊನೇನಾ ಕೇಳು." ತಾತಾ ಹೇಳಿದ್ರು, "ಕೊನೆ. ಮೇಲಿನವರು ಬಿಟ್ರೆ ಉಂಟು." ಅದನ್ನ ನಾನು ಹೇಳಿದ ತಕ್ಷಣ ಅಪ್ಪ ಜೋರಾಗಿ ನಕ್ಕುಬಿಟ್ರು. ನಮ್ಮ ಎರಡು ಎಕರೆ ಇರೋದೂ ವಿ.ಸಿ. ನಾಲೆಯ ಕಡೇ ಭಾಗದಲ್ಲಿ. ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಮೇಲಿನ ಗದ್ದೆಯವರ ಜೊತೆ ಜಗಳ ಆಡಿ ನೀರು ತಿರುಗಿಸ್ಕೊಂಡು ಬರ್ತಿದ್ದದ್ದು ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೀನಿ. ನಮ್ಮೂರಲ್ಲಿ ನಾವೇ ಕೆಳಗಿನವರು. ಅಲ್ಲಿವರೆಗೂ ಅಪ್ಪ ತಾನು ಮೇಲಿನವನು ಅಂತ ಯೋಚನೆ ಮಾಡಿರಲೇ ಇಲ್ಲ.

ಟ್ರಾನ್ಸ್‌ಲೇಟ್ ಮಾಡೋದ್ರಲ್ಲಿ ನನಗೊಂದು ವಿಷಯ ಗೊತ್ತಾಯ್ತು. ಆ ಕೆಲಸದಲ್ಲಿ ‘ಆದ್ರೆ’ ಅನ್ನೋಕೆ ಜಾಗ ಇಲ್ಲ. ಕೇಳಿದ್ದನ್ನ ಪೂರ್ತಿ ಕೇಳಬೇಕು, ಇಲ್ಲಾಂದ್ರೆ ಆ ಕಡೆ ದಾಟಿಸೋಕಾಗಲ್ಲ. ಐದು ವರ್ಷ ಚೆನ್ನೈಯಲ್ಲಿದ್ದು ನಾನು ಮೊದಲ ಸಲ ಕಾವೇರಿ ಬಗ್ಗೆ ತಮಿಳರೊಬ್ಬರು ಹೇಳಿದ್ದನ್ನ ಪೂರ್ತಿ ಕೇಳಿದ್ದು ಅವತ್ತು. ನನ್ನ ದೊಡ್ಡ ಗುಣದಿಂದ ಅಲ್ಲ, ಕೆಲಸ ಹಾಗಿತ್ತು ಅದಕ್ಕೆ. ‘ಮಳೈ ಪೆಂಜುದಾ’ ಅಂತ ಹಿಂದಿನ ವರ್ಷ ಅವರು ಕೇಳಿದ್ದು ಒಬ್ಬ ರೈತ ಇನ್ನೊಬ್ಬ ರೈತನ ಮಗಳನ್ನ ಕೇಳಿದ್ದು ಅಂತಾನೂ ಅವತ್ತೇ ಅರ್ಥ ಆಯ್ತು.

ಇಬ್ಬರೂ ತಬ್ಕೊಂಡ್ರು, ಜಗಳ ಮುಗೀತು ಅಂತ ಹೇಳಲ್ಲ. ವಾಪಸ್ ಹೋಗೋವಾಗ ಬಸ್ ಸ್ಟ್ಯಾಂಡಲ್ಲಿ ಅಪ್ಪ ಅಂದ್ರು, "ಒಳ್ಳೇ ಮನ್ಸ. ಆದ್ರೂ ಬರದಲ್ಲಿ ನೀರು ಬಿಡಾಕಾಗಲ್ಲ ಕಣವ್ವ." 2023ರಲ್ಲಿ ಮತ್ತೆ ಬರ ಬಂತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನಮ್ಮಪ್ಪ ಮಂಡ್ಯದಲ್ಲಿ ಧರಣಿಗೆ ಹೋಗಿ ಕೂತ್ರು. ಅವತ್ತೇ ಸಾಯಂಕಾಲ ನನಗೆ ಫೋನ್ ಮಾಡಿ ಕೇಳಿದ್ರು, "ಆ ಅಯ್ಯನ ಕುರುವೈ ಏನಾಯ್ತಂತೆ? ಉಳೀತಾ?"

ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಕೇಳಿಸ್ಕೊಂಡ ಮಾತ್ರಕ್ಕೆ ನಿಮ್ಮ ಹಕ್ಕನ್ನ ಬಿಟ್ಕೊಡಬೇಕಿಲ್ಲ. ಅಪ್ಪ ಬಿಟ್ಕೊಡಲಿಲ್ಲ. ಆದರೆ ಧರಣಿಯಲ್ಲಿ ಕೂತ ಆ ಮನುಷ್ಯನ ಪಾಲಿಗೆ ಕೆಳಗಡೆ ಇರೋದು ‘ತಮಿಳುನಾಡು’ ಅಲ್ಲ, ಮೂರು ಎಕರೆ ಇರೋ ಒಬ್ಬ ಮುದುಕ. ಅಂಥವರ ಕೈ ಬಸ್ಸಿಗೆ ಬೆಂಕಿ ಹಚ್ಚೋಕೆ ಏಳಲ್ಲ. ಕಾವೇರಿ ಕುಟುಂಬ ಸೂತ್ರ ಕೊಡಲಿಲ್ಲ ನಿಜ. ಕೂತು ಮಾತಾಡಿದ ಅಷ್ಟು ರೈತರ ಮಟ್ಟಿಗೆ ಇಂಥದ್ದೊಂದು ಆಗಿರಬೇಕು ಅಂತ ನನ್ನ ನಂಬಿಕೆ.

ಈಗ ಆ ಅಕ್ಕನ ವಿಷಯಕ್ಕೆ ಬರ್ತೀನಿ. ಅಪ್ಪ ಬಂದುಹೋದ ಮೇಲೂ ನನಗೆ ಧೈರ್ಯ ಬರೋಕೆ ಒಂದು ವರ್ಷ ಹಿಡೀತು. ಒಂದಿನ ಊಟಕ್ಕೆ ಹೋದಾಗ ಕನ್ನಡದಲ್ಲೇ ಕೇಳಿದೆ, "ಅಕ್ಕಾ, ಅವತ್ತು ನೀವು ಹೇಳ್ತಿದ್ದದ್ದು ಮುಗಿದಿರಲಿಲ್ಲ. ನಾನು ಮಧ್ಯೆ ಬಾಯಿ ಹಾಕಿದೆ. ಉಳಿದಿದ್ದನ್ನ ಹೇಳ್ತೀರಾ?" ಅವರು ತಮಿಳಲ್ಲಿ "ಪಾಕ್ಕಲಾಂ" ಅಂದ್ರು, ನೋಡೋಣ ಅಂತ. ಮೂರು ವಾರ ಏನೂ ಹೇಳಲಿಲ್ಲ.

ಆಮೇಲೆ ಹೇಳಿದ್ರು. ಆ ರಾತ್ರಿ ಮನೆ ಬೀಗ ಹಾಕಿ, ಕೀ ಕೊಟ್ಟಿದ್ದು ಪಕ್ಕದ ಮನೆ ಕನ್ನಡದ ಅಜ್ಜಿ ಕೈಗೆ. ಆ ಅಜ್ಜಿ ದಿನಾ ಬಂದು ಇವರ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡ್ತಿದ್ರಂತೆ, ಮನೇಲಿ ಜನ ಇದ್ದಾರೆ ಅಂತ ಅನ್ನಿಸಲಿ ಅಂತ. ಎರಡು ತಿಂಗಳಾದ ಮೇಲೆ ಸಾಮಾನು ತರೋಕೆ ಇವರ ಚಿಕ್ಕಪ್ಪ ಹೋದಾಗ ಒಂದು ಲೋಟನೂ ಹೋಗಿರಲಿಲ್ಲ. ಇವರ ಅಪ್ಪನಿಗೆ ಮಾತ್ರ ಆ ಬೀದಿಗೆ ಮತ್ತೆ ಕಾಲಿಡೋಕೆ ಆಗಲಿಲ್ಲ. ಅಜ್ಜಿಗೆ ಒಂದು ಮಾತು ಹೇಳದೇ ಬಂದ್ವಿ ಅನ್ನೋ ಕೊರಗಲ್ಲೇ ತೀರಿಕೊಂಡ್ರಂತೆ.

2016ರಲ್ಲಿ ಪ್ಯಾಂಟ್ರಿಯಲ್ಲಿ ಅವರು ನನಗೆ ಹೇಳೋಕೆ ಹೊರಟಿದ್ದದ್ದು ಈ ಅಜ್ಜಿ ವಿಷಯ. ನಾನು ‘ಆದ್ರೆ’ ಅಂದೆ. ಎರಡು ವರ್ಷ ಆ ಅಜ್ಜಿ ನನಗೆ ಸಿಗಲಿಲ್ಲ.

ಎಲ್ಲ ಸರಿಹೋಯ್ತು ಅಂತಾನೂ ಅಲ್ಲ. ಅವರು ಇನ್ನೊಂದು ಮಾತು ಹೇಳಿದ್ರು: "ಆ ಅಜ್ಜಿ ಒಳ್ಳೆಯವರು ಅಂತ ಹೇಳಿದ್ದು, ಉಳಿದಿದ್ದೆಲ್ಲ ಮರೆತಿದ್ದೀನಿ ಅಂತ ಅರ್ಥ ಅಲ್ಲ. ಅವತ್ತಿಗೆ ಯಾರೂ ನಮ್ಮನ್ನ ಸಾರಿ ಕೇಳಿಲ್ಲ." ನಾನು ಏನೂ ಹೇಳಲಿಲ್ಲ. ಆ ಸಲ ಬಾಯಿ ಮುಚ್ಕೊಂಡು ಕೂತೆ. ಇವತ್ತಿಗೂ ಅವರು ಆಫೀಸಲ್ಲಿ ನನ್ನ ಹತ್ರ ತಮಿಳಲ್ಲೇ ಮಾತಾಡೋದು. ಯಾವಾಗಲಾದ್ರೂ ಒಮ್ಮೆ ಕನ್ನಡದಲ್ಲಿ ಮೆಸೇಜ್ ಬರತ್ತೆ. ಇವತ್ತು ಈ ಕಥೆ ಹೇಳೋಕೆ ಅವರೇ ಒಪ್ಪಿಗೆ ಕೊಟ್ಟಿದ್ದು.

ಕೊನೆಗೆ ಎರಡು ಮಾತು, ನಮ್ಮಂಥ ವಲಸೆ ಬಂದವರಿಗೆ.

ಒಂದು. ಈ ಜಗಳದಲ್ಲಿ ಜಾಸ್ತಿ ಕಿರುಚೋದು ರೈತರಲ್ಲ, ನಾವು. ಬೆಂಗಳೂರಿಗೆ ಕುಡಿಯೋ ನೀರು ಹೋಗೋದು ನಮ್ಮ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ. ಚೆನ್ನೈಗೂ 2004ರಿಂದ ವೀರಾಣಂ ಕೆರೆ ಮೂಲಕ ಕಾವೇರಿ ನೀರು ಬರ್ತಾ ಇದೆ. ಎರಡೂ ಐಟಿ ಊರುಗಳು ಅದೇ ನದಿ ಕುಡೀತಾ, ಟ್ವಿಟರಲ್ಲಿ ರೈತರ ಹೆಸರಲ್ಲಿ ಬೈದಾಡ್ತೀವಿ. ಮುಂದಿನ ಸಲ ಫ್ಯಾಮಿಲಿ ಗ್ರೂಪಲ್ಲಿ ಕಾವೇರಿ ಫಾರ್ವರ್ಡ್ ಬಂದಾಗ, ಮುಂದೆ ತಳ್ಳೋಕೆ ಮುಂಚೆ ನಿಮ್ಮ ಟೀಮಲ್ಲಿರೋ ತಂಜಾವೂರಿನವರನ್ನ ಒಂದು ಪ್ರಶ್ನೆ ಕೇಳಿ: "ನಿಮ್ಮ ಮನೇಲಿ ಈ ಸಲ ಕುರುವೈ ಹಾಕಿದ್ರಾ?" ಕಾವೇರಿ ಆಗದಿದ್ರೆ ಬೇರೆ. ಬೆಳಗಾವಿಯವರು ಪುಣೆಯಲ್ಲಿದ್ದೀರಿ, ನಿಮಗೂ ಒಂದು ಪ್ರಶ್ನೆ ಇರತ್ತೆ. ಅದು ಯಾವುದು ಅಂತ ನಿಮಗೇ ಗೊತ್ತು.

ಎರಡು. ಎದುರು ಪಕ್ಷದ ವಾದವನ್ನ ನೀವು ಅವರ ಮುಂದೆ ಹೇಳಿ ನೋಡಿ. ಅವರು ‘ಹೌದು, ಇದೇ ನಮ್ಮ ಮಾತು’ ಅನ್ನೋವರೆಗೂ ತಿದ್ದಿ ತಿದ್ದಿ ಹೇಳಿ. ಆಮೇಲೆ ನಿಮ್ಮ ‘ಆದ್ರೆ’ ಹೇಳಿ. ಅದಕ್ಕೆ ಆಗ ತೂಕ ಇರತ್ತೆ, ಕೇಳೋಕೆ ಅವರೂ ಇರ್ತಾರೆ.

2018ರ ತೀರ್ಪಿನ ಹಂಚಿಕೆಗೆ ಸುಪ್ರೀಂ ಕೋರ್ಟು 15 ವರ್ಷದ ಅವಧಿ ಹೇಳಿದೆ. ಅಂದ್ರೆ 2033. ಅಷ್ಟರಲ್ಲಿ ಈ ಪ್ರಶ್ನೆ ಮತ್ತೆ ಮೇಜಿನ ಮೇಲೆ ಬರತ್ತೆ, ಮಧ್ಯೆ ಒಂದೆರಡು ಬರಗಾಲನೂ ಬರತ್ತೆ. ನಮ್ಮ ಮಕ್ಕಳು ಆಗ ಇಲ್ಲಿ, ಇದೇ ಊರುಗಳ ಸ್ಕೂಲಲ್ಲಿ ಓದ್ತಾ ಇರ್ತಾರೆ. ಅವರು ಲಿಫ್ಟಿನಲ್ಲಿ ಕನ್ನಡ ಮಾತಾಡೋಕೆ ಹೆದರಬಾರದು. ಬೆಂಗಳೂರಿನ ಯಾವುದೋ ಸ್ಕೂಲಲ್ಲಿ ತಮಿಳು ಮನೆಯ ಮಗುವೂ ಹೆದರಬಾರದು.

ತಾತಾ ಈಗಿಲ್ಲ, ಹೋದ ವರ್ಷ ಹೋದ್ರು. ಆದರೂ ನಮ್ಮಪ್ಪ ಫೋನ್ ಮಾಡಿದಾಗ ಕೆಆರ್‌ಎಸ್ ಎಷ್ಟಿದೆ ಅಂತ ಹೇಳಿ ಕೇಳ್ತಾರೆ, "ಮೆಟ್ಟೂರಲ್ಲಿ ಎಷ್ಟದೆ, ನೋಡಿ ಹೇಳು." ನಾನು ನೋಡಿ ಹೇಳ್ತೀನಿ.

 ಈಗ ನಿಮ್ಮ ‘ಆದ್ರೆ’ಗಳನ್ನ ಕೇಳಬಹುದು. (ಚಪ್ಪಾಳೆ)